ಪಟ್ಟಿ ಇಳಿಸಿದ ಮೇಲೆ: ಗಂಗೂಬಾಯಿ ಹಾನಗಲ್ಲರ ದನಿ ಮತ್ತು ನನ್ನ ಒಬ್ಬ ವಿದ್ಯಾರ್ಥಿನಿ

ಕಳೆದ ವರ್ಷ ಶ್ರಾವಣದ ಒಂದು ಸಂಜೆ. ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಕ್ಲಾಸು ನಡೆದಿತ್ತು. ಆರು ಹುಡುಗಿಯರು, ಯಮನ್ ರಾಗ. ಐವರು ತಾರ ಸಪ್ತಕದ, ಅಂದರೆ ಮೇಲಿನ ಸ್ವರಸಾಲಿನ, ಗಂಧಾರ ಮುಟ್ಟಿ ಬಂದರು. ಆರನೆಯವಳ ದನಿ ಅದಕ್ಕಿಂತ ಒಂದು ಸ್ವರ ಕೆಳಗಿನ ರಿಷಭದಲ್ಲೇ ಒಡೆಯಿತು. ಇನ್ನೊಮ್ಮೆ ಹೇಳು ಎಂದೆ. ಮತ್ತೆ ಅಲ್ಲೇ ಒಡೆಯಿತು. ಮೂರನೇ ಸಲ ಅವಳು ಬಾಯಿ ತೆರೆಯಲೇ ಇಲ್ಲ.

ಕ್ಲಾಸು ಮುಗಿದ ಮೇಲೆ ಉಳಿದವರು ಹೋದರು. ಇವಳು ಮಾತ್ರ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ನಿಂತೇ ಇದ್ದಳು. ಏನು ಎಂದು ಕೇಳಿದೆ.

"ಬಾಯಾರ, ನನ್ನ ದನಿ ಗಂಡಸರ ಹಂಗ ಆಗೇತ್ರಿ. ಮನ್ಯಾಗ ಎಲ್ಲಾರೂ ನಗತಾರ."

ಈ ಬರಹ ಆ ಮಾತಿನಿಂದ ಹುಟ್ಟಿದ್ದು. ಅವಳಿಗೆ ಏನು ಉತ್ತರ ಕೊಡಬೇಕು ಎಂದು ಹುಡುಕುತ್ತ ನಾನು ನಮ್ಮೂರಿನವರೇ ಆದ ಹಿಂದೂಸ್ತಾನಿ ಗಾಯಕಿ, ದಿವಂಗತ ಗಂಗೂಬಾಯಿ ಹಾನಗಲ್ಲರ ಹಾಡಿನ ಹತ್ತಿರ ಹೋದೆ. ಅವರ ಬದುಕಿನ ಅಷ್ಟೂ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ನನಗೆ ಬೇಕಾದದ್ದು ಒಂದೇ ಸಂಗತಿ. ಹೆಸರು ಮಾಡಿದ ಒಬ್ಬ ಗಾಯಕಿಯ ದನಿ ನಡುಹಾದಿಯಲ್ಲಿ ಪೂರ್ತಿ ಬದಲಾಯಿತು. ಆಮೇಲೆ ಅವರು ಏನು ಮಾಡಿದರು?

ಮೊದಲು ಹುಡುಗಿಯ ವಿಷಯ ಹೇಳಿಬಿಡುತ್ತೇನೆ. ಅವಳು ಎಂಟು ವರ್ಷದವಳಿದ್ದಾಗ ನನ್ನ ಹತ್ತಿರ ಬಂದವಳು. ಆಗ ಅವಳಿಗೆ ಕಾಳಿ ಐದು ಪಟ್ಟಿ ಹಿಡಿದಿದ್ದೆ. ಹಾರ್ಮೋನಿಯಂ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಐದನೇ ಕರಿ ಮನೆಯನ್ನು ಷಡ್ಜ, ಅಂದರೆ ಸಾ, ಮಾಡಿಕೊಂಡು ಹಾಡುವುದು. ನಮ್ಮ ಕಡೆ ಹೆಣ್ಣುಮಕ್ಕಳು ಸಾಮಾನ್ಯವಾಗಿ ಕಾಳಿ ನಾಲ್ಕು, ಕಾಳಿ ಐದರಲ್ಲಿ ಹಾಡುತ್ತಾರೆ. ಗಂಡಸರು ಕಾಳಿ ಒಂದು, ಕಾಳಿ ಎರಡು. ಏಳು ವರ್ಷ ಅವಳು ಅದೇ ಪಟ್ಟಿಯಲ್ಲಿ ಹಾಡಿದಳು. ಈಗ ಹತ್ತನೇ ಇಯತ್ತೆ, ವಯಸ್ಸು ಹದಿನೈದು. ಆರು ತಿಂಗಳಿಂದ ದನಿಯಲ್ಲಿ ಗಾಳಿ ಸೇರುತ್ತಿತ್ತು. ಬೆಳಿಗ್ಗೆ ಪರವಾಗಿಲ್ಲ, ಸಂಜೆ ಹೊತ್ತಿಗೆ ಒಡಕು.

ಇಲ್ಲಿ ನನ್ನ ತಪ್ಪು ಇದೆ. ರಿಯಾಜ್ ಕಡಿಮೆ ಆಗಿದೆ ಎಂದುಕೊಂಡೆ. ಮುಂದೆ ಒಂದು ಸ್ಪರ್ಧೆ ಬೇರೆ ಇತ್ತು. ದಿನಾ ಅರ್ಧ ತಾಸು ಜಾಸ್ತಿ ಪಲ್ಟಾ, ಅಂದರೆ ಸ್ವರಗಳ ಅಭ್ಯಾಸ, ಹೇಳು, ಮೇಲಿನ ಸ್ವರಗಳನ್ನು ಬಿಡಬೇಡ ಎಂದೆ. ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹುಡುಗಿ. ಮಾಡಿದಳು. ದನಿ ಇನ್ನಷ್ಟು ಕೆಟ್ಟಿತು.

ಕೊನೆಗೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಗಂಟಲೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ಪರದೆಯ ಮೇಲೆ ತೋರಿಸಿದರು. ಎರಡು ಧ್ವನಿತಂತುಗಳ ಅಂಚಿನಲ್ಲಿ, ಎದುರುಬದುರಾಗಿ, ಎರಡು ಸಣ್ಣ ಗಂಟು. ಕುಡುಗೋಲು ಹಿಡಿದವರ ಅಂಗೈ ಜಡ್ಡುಗಟ್ಟುತ್ತದಲ್ಲ, ಹಾಗೆ. ತಂತುಗಳು ಜೋರಾಗಿ ಒಂದಕ್ಕೊಂದು ಬಡಿದು ಬಡಿದು ಆಗುವಂಥದ್ದು. ಆರು ವಾರ ಹಾಡಬಾರದು, ಮಾತು ಕಡಿಮೆ, ನೀರು ಜಾಸ್ತಿ. ಪಿಸುಮಾತೂ ಬೇಡ ಎಂದರು, ಅದರಿಂದಲೂ ಗಂಟಲಿಗೆ ಬಿಗಿ ಬೀಳುತ್ತದಂತೆ. ಆಮೇಲೆ ದನಿಯ ವ್ಯಾಯಾಮ. ಇನ್ನೊಂದು ಮಾತನ್ನೂ ಹೇಳಿದರು. ಗಂಟು ಬೇರೆ, ವಯಸ್ಸಿನ ಬದಲಾವಣೆ ಬೇರೆ. ಹೆಣ್ಣುಮಕ್ಕಳ ದನಿಯೂ ಈ ವಯಸ್ಸಿನಲ್ಲಿ ಎರಡು ಮೂರು ಮನೆ ಕೆಳಗಿಳಿಯುತ್ತದೆ. ಗಂಡುಮಕ್ಕಳಲ್ಲಿ ಎದ್ದು ಕಾಣುತ್ತದೆ, ಇವರಲ್ಲಿ ನಾವು ಗಮನಿಸುವುದಿಲ್ಲ, ಅಷ್ಟೇ.

ಆರು ವಾರ ಕಳೆದ ಮೇಲೆ ಒಡಕು ಹೋಗಿತ್ತು. ದನಿ ತಿಳಿಯಾಗಿತ್ತು. ಆದರೆ ಹಳೆಯ ಎತ್ತರ ವಾಪಸ್ಸು ಬರಲಿಲ್ಲ. ಆ ವಾರ ಅವಳ ತಾಯಿ ಬಂದರು. "ಬಾಯಾರ, ಹಾಡೋದು ಬಿಡಿಸಿಬಿಡೂಣೇನ್ರಿ? ಭರತನಾಟ್ಯಕ್ಕ ಹಾಕತೀವಿ" ಎಂದರು. ಸಿಟ್ಟಿನಿಂದ ಅಂದದ್ದಲ್ಲ. ಮಗಳು ಅಳುವುದನ್ನು ನೋಡಲಾರದೆ ಅಂದದ್ದು. ನಾಲ್ಕು ದಿನ ಸಮಯ ಕೊಡಿ ಎಂದೆ.

ಮಾರನೇ ದಿನ ಹುಡುಗಿಯನ್ನು ಕೂರಿಸಿಕೊಂಡು ಫೋನಿನಲ್ಲಿ ಎರಡು ಧ್ವನಿಮುದ್ರಣ ಹಾಕಿದೆ. ಮೊದಲನೆಯದು 1930ರ ದಶಕದ್ದು. ಆಗಿನ ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಆ ಕಾಲದ ಎಚ್‌ಎಂವಿ ತಟ್ಟೆಗಳಲ್ಲಿ ಗಂಗೂಬಾಯಿಯವರ ಹೆಸರು ಗಾಂಧಾರಿ ಹಾನಗಲ್. ತೆಳ್ಳನೆಯ, ಎತ್ತರದ, ಚುರುಕಾಗಿ ಓಡುವ ಹೆಣ್ಣುದನಿ. ಎರಡನೆಯದು ಎಷ್ಟೋ ವರ್ಷಗಳ ನಂತರದ ಪೂರಿಯಾ ರಾಗ. ಷಡ್ಜ ಹಚ್ಚಿದ ಕೂಡಲೇ ಹುಡುಗಿ ನನ್ನ ಮುಖ ನೋಡಿದಳು.

"ಇವರು ಯಾರ್ರಿ ಬಾಯಾರ? ಭೀಮಸೇನ ಜೋಶಿಯವರೇನ್ರಿ?"

ಇಬ್ಬರೂ ಒಬ್ಬರೇ ಎಂದಾಗ ಅವಳು ನಂಬಲಿಲ್ಲ. ಮೊದಲನೆಯದನ್ನು ಮತ್ತೆ ಹಚ್ಚಿಸಿಕೊಂಡಳು. ಮತ್ತೆ ಎರಡನೆಯದನ್ನು. ಸುಮ್ನೆ ಕೂತು ಪೂರ್ತಿ ಕೇಳಿದಳು. ಏಳು ವರ್ಷದಲ್ಲಿ ಅವಳು ಅಷ್ಟು ಹೊತ್ತು ಅಲುಗಾಡದೆ ಕೂತದ್ದನ್ನು ನಾನು ನೋಡಿರಲಿಲ್ಲ.

ದನಿಗೆ ಮೊದಲಿನ ಮನೆ

ಗಂಗೂಬಾಯಿ ಹುಟ್ಟಿದ್ದು ಧಾರವಾಡದಲ್ಲಿ, 1913ರ ಮಾರ್ಚ್ 5ರಂದು. ಹೆಸರಿನಲ್ಲಿರುವ ಹಾನಗಲ್ ಈಗಿನ ಹಾವೇರಿ ಜಿಲ್ಲೆಯ ಊರು. ತಂದೆ ಚಿಕ್ಕೂರಾಯರು ನಾಡಿಗೇರ ಮನೆತನದವರು, ಒಕ್ಕಲುತನದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಾಡುವ ಹೆಣ್ಣುಮಕ್ಕಳ ಮನೆ ಅದು. ಅವತ್ತಿನ ಧಾರವಾಡದಲ್ಲಿ ಹಾಗೆಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ. ಓಣಿಯಲ್ಲಿ ಹಾದು ಹೋದರೆ "ಗಾನೇವಾಲಿ" ಎಂದು ಹಂಗಿಸುವವರಿದ್ದರು. ಪಕ್ಕದವರ ಹಿತ್ತಲಿಗೆ ಮಾವಿನಕಾಯಿ ಆಸೆಗೆ ಹೋದರೆ, ಕದ್ದದ್ದಕ್ಕಿಂತ ಹೆಚ್ಚಾಗಿ ಇಂಥ ಮನೆಯ ಮಗು ಒಳಗೆ ಕಾಲಿಟ್ಟಿತಲ್ಲ ಎಂದು ಬೈಯುವವರಿದ್ದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಹನ್ನೊಂದು ವರ್ಷದ ಗಂಗೂ ಅಲ್ಲಿ ಸ್ವಾಗತ ಗೀತೆ ಹಾಡಲು ಹೋದಳು. ಅವಳ ಹೆದರಿಕೆ ಹಾಡಿನದಾಗಿರಲಿಲ್ಲ. ಊಟದ ಹೊತ್ತಿಗೆ ತನ್ನನ್ನು ಬೇರೆ ಕೂರಿಸುತ್ತಾರೇನೋ, ಎಂಜಲೆಲೆ ಎತ್ತಲು ಹೇಳುತ್ತಾರೇನೋ ಎಂಬ ಹೆದರಿಕೆ. ಇದನ್ನು ಅವರು ದೊಡ್ಡವರಾದ ಮೇಲೂ ನೆನೆದು ಹೇಳುತ್ತಿದ್ದರು.

ಈ ಮನೆಯಲ್ಲಿ ದನಿಯ ಬಗ್ಗೆ ಒಂದು ದೊಡ್ಡ ತೀರ್ಮಾನ ಆಗಲೇ ಆಗಿತ್ತು. ಅದನ್ನು ತೆಗೆದುಕೊಂಡವರು ಅಂಬಾಬಾಯಿ. ಮಗಳ ಒಲವು ಹಿಂದೂಸ್ತಾನಿಯ ಕಡೆ. ಅಬ್ದುಲ್ ಕರೀಂ ಖಾನರಂಥ ಹಿಂದೂಸ್ತಾನಿ ಗಾಯಕರು ಈ ಸೀಮೆಗೆ ಬಂದು ಹೋಗುತ್ತಿದ್ದ ಕಾಲ, ಗಾಳಿಯಲ್ಲೇ ಆ ಗಾಯನ ಇತ್ತು. ಮಗಳ ಕಿವಿಯಲ್ಲಿ ಎರಡು ಪದ್ಧತಿ ಕಲಸಬಾರದು ಎಂದು ಅಂಬಾಬಾಯಿ ತಮ್ಮ ಕರ್ನಾಟಕ ಗಾಯನವನ್ನೇ ನಿಲ್ಲಿಸಿಬಿಟ್ಟರು. 1928ರಲ್ಲಿ ಮಗಳ ಕಲಿಕೆಗಾಗಿ ಸಂಸಾರ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳಿಗೆ ಆಗ ಹತ್ತೊಂಬತ್ತು ವರ್ಷ.

ಇದನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ತಲೆಮಾರುಗಳಿಂದ ಬಂದ ಹಾಡು, ಬದುಕಿಗೆ ಆಧಾರವಾಗಿದ್ದ ಹಾಡು. ಅದನ್ನು ಮಗಳಿಗಾಗಿ ಬಾಯಿಂದ ಇಳಿಸಿ ಕೆಳಗಿಡುವುದೆಂದರೆ ಸಣ್ಣ ಮಾತಲ್ಲ. ದನಿ ಬದಲಾದಾಗ ಗಂಗೂಬಾಯಿ ನಡೆದುಕೊಂಡ ರೀತಿಯನ್ನು ಅರ್ಥ ಮಾಡಿಕೊಳ್ಳಲು ನನಗೆ ಮೊದಲು ಬೇಕಾದದ್ದು ಈ ತಾಯಿ. ಒಂದು ಬಗೆಯ ಹಾಡುಗಾರಿಕೆಯನ್ನು ಬಿಟ್ಟರೂ ಸಂಗೀತ ಉಳಿಯುತ್ತದೆ ಎಂಬುದನ್ನು ಮಗಳು ಮನೆಯಲ್ಲೇ ಕಣ್ಣಾರೆ ಕಂಡಿದ್ದಳು.

ಕುಂದಗೋಳದ ಗಾಡಿ

ಹುಬ್ಬಳ್ಳಿಯಲ್ಲಿ ಮೊದಲ ಗುರು ಕೃಷ್ಣಾಚಾರ್ಯ ಹುಲಗೂರರು. ಒಂದೇ ವರ್ಷದಲ್ಲಿ ಸುಮಾರು ಅರವತ್ತು ಚೀಜುಗಳು, ಅಂದರೆ ರಾಗದ ಹಾಡುಗಳು, ಗಂಗೂಬಾಯಿಯ ಬಾಯಿಗೆ ಬಂದವು. ಚುರುಕಿನ ಹುಡುಗಿ, ಚುರುಕಿನ ಪಾಠ. ಆಮೇಲೆ ದತ್ತೋಪಂತ ದೇಸಾಯರ ಹತ್ತಿರ ಸ್ವಲ್ಪ ಕಾಲ. ನಂತರ ಸಿಕ್ಕವರು ಸವಾಯಿ ಗಂಧರ್ವರು, ಅಂದರೆ ಕುಂದಗೋಳದ ರಾಮಭಾವು. ಅಬ್ದುಲ್ ಕರೀಂ ಖಾನರ ಶಿಷ್ಯ, ಕಿರಾಣಾ ಘರಾನೆಯವರು, ಅಂದರೆ ಆ ಗಾಯನ ಪರಂಪರೆಯವರು. ಮರಾಠಿ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದವರು.

ನಾಟಕದ ತಿರುಗಾಟದಲ್ಲಿದ್ದಾಗ ಗುರು ಸಿಕ್ಕಾಗ ಪಾಠ, ಇಲ್ಲದಾಗ ಇಲ್ಲ. ಅವರು ತಿರುಗಾಟ ಮುಗಿಸಿ ಈ ಕಡೆ ನೆಲೆ ನಿಂತ ಮೇಲೆ ಬಿಗಿಯಾದ ತಾಲೀಮು ಶುರುವಾಯಿತು. ಹುಬ್ಬಳ್ಳಿಯಿಂದ ಕುಂದಗೋಳ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹಾವೇರಿ ಕಡೆಗೆ ಹೋಗುವ ರೈಲುದಾರಿಯಲ್ಲಿ ಹುಬ್ಬಳ್ಳಿ ದಾಟಿದ ಮೇಲೆ ಬರುವ ಸಣ್ಣ ಸ್ಟೇಶನ್. ಆಗ ಅದು ಮೀಟರ್‌ಗೇಜ್. ಹದಿನಾರನೇ ವಯಸ್ಸಿಗೇ, 1929ರಲ್ಲಿ, ಗುರುರಾವ್ ಕೌಲಗಿಯವರೊಂದಿಗೆ ಮದುವೆಯಾಗಿತ್ತು. ಮಗಳು ಕೃಷ್ಣಾ, ಮಕ್ಕಳು ನಾರಾಯಣ ಮತ್ತು ಬಾಬುರಾವ್. ಸಂಸಾರದ ಹೊರೆಯ ದೊಡ್ಡ ಪಾಲು ಅವರ ಹಾಡಿನ ಮೇಲೆಯೇ ಇತ್ತು. ಅಂಥ ತಾಯಿ ಗಾಡಿ ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮತ್ತೆ ಗಾಡಿ ಹಿಡಿದು ಬರುತ್ತಿದ್ದರು. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿಯೂ ಆಗ ಅದೇ ಗುರುವಿನ ಮನೆಯಲ್ಲಿದ್ದ.

ಇಲ್ಲಿಯ ಪಾಠ ಮೊದಲಿನದರ ತದ್ವಿರುದ್ಧ. ಅರವತ್ತು ಚೀಜು ಒಂದು ವರ್ಷದಲ್ಲಿ ಕಲಿತವರು ಇಲ್ಲಿ ಒಂದೇ ಪಲ್ಟಾ, ಒಂದೇ ಸಣ್ಣ ತುಣುಕನ್ನು ದಿನಗಟ್ಟಲೆ ತಿಕ್ಕಬೇಕಾಯಿತು. ಕಲಿತ ರಾಗಗಳು ಕೆಲವೇ. ಜಿಪುಣ ತನ್ನ ದುಡ್ಡನ್ನು ಎಣಿಸಿ ಎಣಿಸಿ ಖರ್ಚು ಮಾಡಿದ ಹಾಗೆ ಸ್ವರಗಳನ್ನು ಬಳಸಬೇಕು ಎಂದು ಗುರು ಕಲಿಸಿದರೆಂದು ಗಂಗೂಬಾಯಿ ಹೇಳುತ್ತಿದ್ದರು. ಮುಂದಿನ ಸ್ವರ ಯಾವಾಗ ಬರುತ್ತದೋ ಎಂದು ಕೇಳುವವರು ಕಾಯಬೇಕು. ಕಿರಾಣಾದ ಬಡ್ಹತ್ ಎಂದರೆ ಅದೇ. ಷಡ್ಜದಿಂದ ಹೊರಟು ಒಂದೊಂದೇ ಸ್ವರಕ್ಕೆ ನೆಲೆ ಕೊಡುತ್ತ, ಅವಸರವಿಲ್ಲದೆ ಮೇಲೇರುವುದು.

ಈ ಗುರುವಿನ ಗಂಟಲಿನ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಸವಾಯಿ ಗಂಧರ್ವರದು ಚಿಕ್ಕಂದಿನಲ್ಲಿ ಇಂಪಾದ ದನಿ. ಪ್ರಾಯಕ್ಕೆ ಬಂದಾಗ ಒಡೆದು ಒರಟಾಯಿತು, ಹೇಳಿದ ಹಾಗೆ ಕೇಳದಂತಾಯಿತು. ಖಾನಸಾಹೇಬರ ಕೈಕೆಳಗೆ ವರ್ಷಗಟ್ಟಲೆ ತಿದ್ದಿ ತೀಡಿ ಅದನ್ನು ಹದಕ್ಕೆ ತಂದುಕೊಂಡವರು. ಮೈಫಿಲಿನಲ್ಲಿ ಅವರ ದನಿ ಕಾಯಲು ಹೊತ್ತು ಬೇಕಾಗುತ್ತಿತ್ತು, ಕಾದ ಮೇಲೆ ಬೇರೆಯೇ ಮಾತು ಎನ್ನುತ್ತಾರೆ. ಮೊಂಡು ಗಂಟಲಿನ ಜೊತೆ ಹೇಗೆ ಬದುಕಬೇಕು ಎಂದು ತಿಳಿದ ಗುರು ಅವರು. ಗಂಗೂಬಾಯಿಗೆ ಸಿಕ್ಕ ವಿದ್ಯೆಯಲ್ಲಿ ಇದೂ ಒಂದು ಪಾಲು ಎಂದು ನಾನು ನಂಬುತ್ತೇನೆ.

ಬದಲಾದ ದನಿ, ಬದಲಾದ ಲೆಕ್ಕ

ಟಾನ್ಸಿಲ್ ತೊಂದರೆ ಬಂತು. ಅದಕ್ಕೆ ಚಿಕಿತ್ಸೆ ಆಯಿತು. ಆಮೇಲೆ ದನಿ ಕೆಳಗಿಳಿಯಿತು, ದಪ್ಪಗಾಯಿತು, ಗಂಡಸರ ದನಿಯ ಹತ್ತಿರಕ್ಕೆ ಬಂತು. ಮೊದಲಿನ ತೆಳುವಾದ ದನಿ ಮತ್ತೆ ಬರಲೇ ಇಲ್ಲ.

ಆಗ ಅವರು ಹೆಸರಿಲ್ಲದ ಹುಡುಗಿಯಲ್ಲ. ತಟ್ಟೆಗಳು ಬಂದಿದ್ದವು, ರೇಡಿಯೋ ಇತ್ತು, ಮುಂಬೈ ಕಡೆಯ ಕಛೇರಿಗಳಿದ್ದವು. ಕೇಳುಗರಿಗೆ ಒಂದು ದನಿಯ ರೂಢಿಯಾಗಿತ್ತು. ಹೆಣ್ಣು ಹಾಡಿದರೆ ಹೀಗಿರಬೇಕು ಎಂಬ ರೂಢಿಯಂತೂ ಅದಕ್ಕಿಂತ ಗಟ್ಟಿ. ಇಂಥ ಹೊತ್ತಿನಲ್ಲಿ ಗಾಯಕಿಯೊಬ್ಬಳ ಮುಂದೆ ಇರುವ ದಾರಿಗಳು ಯಾವುವು? ಹಾಡುವುದನ್ನು ಬಿಡಬಹುದು. ಹಳೆಯ ಎತ್ತರಕ್ಕೇ ಜೋತುಬಿದ್ದು ಗಂಟಲು ಹರಿದುಕೊಳ್ಳಬಹುದು, ನನ್ನ ಹುಡುಗಿಗೆ ನಾನು ಹಚ್ಚಿದ ದಾರಿ ಅದು. ಇಲ್ಲವೇ ಷಡ್ಜವನ್ನು ಕೆಳಗೆ ತಂದುಕೊಂಡು, ಅಲ್ಲಿಂದ ಮತ್ತೆ ಮನೆ ಕಟ್ಟಬಹುದು. ಗಂಗೂಬಾಯಿ ಇದನ್ನು ಮಾಡಿದರು.

ಪಟ್ಟಿ ಇಳಿಸುವುದೆಂದರೆ ಹಾರ್ಮೋನಿಯಂ ಮೇಲೆ ಬೆರಳು ಸರಿಸಿದಷ್ಟು ಸುಲಭ ಅಲ್ಲ. ತಂಬೂರಿಯೇ ಬದಲಾಗಬೇಕು. ಹೆಣ್ಣುದನಿಗೆಂದು ಮಾಡಿದ ಸಣ್ಣ ತಂಬೂರಿಯ ತಂತಿಯನ್ನು ಅಷ್ಟು ಸಡಿಲ ಬಿಟ್ಟರೆ ನಾದ ಸತ್ತುಹೋಗುತ್ತದೆ, ತಂತಿಗೆ ಝೇಂಕಾರ ಕೊಡುವ ಜೀವಾಳಿ ಕೂರುವುದಿಲ್ಲ. ದೊಡ್ಡ ಬುರುಡೆ, ದಪ್ಪ ತಂತಿ ಬೇಕು. ತಬಲಾ ಬದಲಾಗಬೇಕು. ಎತ್ತರದ ಪಟ್ಟಿಗೆ ಬಾಯಿ ಚಿಕ್ಕದಿರುವ ದಾಯಾಂ, ಅಂದರೆ ಬಲಗೈಯದು, ಕೆಳಗಿನ ಪಟ್ಟಿಗೆ ಬಾಯಿ ಅಗಲವಿರುವುದು. ಇವೆಲ್ಲ ಹೊರಗಿನವು. ಒಳಗಿನದು ಇನ್ನೂ ಕಷ್ಟ. ಹತ್ತಾರು ವರ್ಷ ಗಂಟಲಿಗೆ ಗೊತ್ತಿದ್ದ ಜಾಗಗಳು ಸರಿದುಬಿಡುತ್ತವೆ. ಮೊದಲು ಪಂಚಮ ಇದ್ದಲ್ಲಿ ಈಗ ಬೇರೆ ಸ್ವರ. ಕಣ್ಣು ಮುಚ್ಚಿ ನಡೆಯುತ್ತಿದ್ದ ಮನೆಯಲ್ಲಿ ಯಾರೋ ಗೋಡೆ ಸರಿಸಿದ ಹಾಗೆ.

ಅವರ ಹಾಡಿಕೆಯ ಹರವೂ ಬದಲಾಯಿತು. 1940ರ ದಶಕದ ನಡುವಿನ ತನಕ ರಾಗವನ್ನು ವಿಸ್ತರಿಸಿ ಹಾಡುವ ಖಯಾಲಿನ ಜೊತೆಗೆ ಭಜನೆ, ಠುಮ್ರಿ ಹಾಡುತ್ತಿದ್ದರು. ಆಮೇಲೆ ಹಗುರ ಪ್ರಕಾರಗಳನ್ನು ಬಿಟ್ಟರು. ಕೇಳಿದವರಿಗೆ, ನಾನು ರಾಗ ಮಾತ್ರ ಹಾಡುತ್ತೇನೆ ಎಂದರು. ಕೈಯಲ್ಲಿ ಉಳಿದದ್ದು ಕುಂದಗೋಳದಲ್ಲಿ ತಿಕ್ಕಿ ತಿಕ್ಕಿ ಕಲಿತ ಕೆಲವು ರಾಗಗಳು. ಭೈರವ, ಆಸಾವರಿ, ತೋಡಿ, ಭೀಮಪಲಾಸಿ, ಪೂರಿಯಾ, ಮಾರವಾ, ಕೇದಾರ, ಚಂದ್ರಕೌಂಸ. ಸುಮಾರು ಅರುವತ್ತು ವರ್ಷ ಇವನ್ನೇ ಹಾಡಿದರು, ಇವುಗಳಿಂದಲೇ ದೊಡ್ಡವರಾದರು.

ನನಗೆ ಇಲ್ಲಿ ಕಾಣುವುದು ಇದು. ಚೀಜು ಕಟ್ಟಿಕೊಂಡು, ಬೇಗ ಬೇಗ ಹಾರಿ, ತೆಳು ದನಿಯ ಸೊಗಸಿನ ಮೇಲೆ ನಿಂತ ಹಾಡುಗಾರಿಕೆಯಾಗಿದ್ದರೆ ದನಿಯ ಜೊತೆ ಅದೂ ಹೋಗುತ್ತಿತ್ತು. ಜಿಪುಣನ ಲೆಕ್ಕದ ಹಾಡುಗಾರಿಕೆ ಹೋಗಲಿಲ್ಲ. ಒಂದೇ ಸ್ವರದ ಮೇಲೆ ನಿಂತು ಅದನ್ನು ತುಂಬಲು ದಪ್ಪ ದನಿ ಇನ್ನೂ ಒಳ್ಳೆಯದು. ಪೂರಿಯಾ ತೆಗೆದುಕೊಳ್ಳಿ. ಮಂದ್ರದಲ್ಲಿ, ಅಂದರೆ ಕೆಳಗಿನ ಸಪ್ತಕದಲ್ಲಿ, ಮತ್ತೆ ಮಧ್ಯ ಸಪ್ತಕದ ಕೆಳಭಾಗದಲ್ಲಿ ಜಾಸ್ತಿ ಓಡಾಡುವ ರಾಗ ಅದು. ಅವರು ಮಂದ್ರ ನಿಷಾದದ ಮೇಲೆ ನಿಂತಾಗ ತಂಬೂರಿಯ ಕೆಳ ಷಡ್ಜವಾದ ಖರಜಿಗೂ ದನಿಗೂ ನಡುವೆ ಸಂದು ಕಾಣುವುದಿಲ್ಲ. ಅದನ್ನು ಕಾಳಿ ಐದರ ತೆಳು ದನಿಯಿಂದ ತೆಗೆಯಲು ಆಗುವುದಿಲ್ಲ. ಸುಮ್ನೆ ಆಗುವುದಿಲ್ಲ.

ಮೇಲಿನ ಸ್ವರಗಳನ್ನು ಅವರು ಬಿಟ್ಟುಕೊಡಲಿಲ್ಲ ಎಂಬುದನ್ನೂ ಹೇಳಬೇಕು. ತಾರ ಷಡ್ಜಕ್ಕೆ ಹೋದಾಗ ಪೂರ್ತಿ ಎದೆಯಿಂದ, ತೆರೆದ ಬಾಯಿಂದ ಹೋಗುತ್ತಿದ್ದರು. ದನಿಯನ್ನು ಸಣ್ಣ ಮಾಡಿ, ಮೆತ್ತಗೆ ಮಾಡಿ, ಹೆಣ್ಣುದನಿಯಂತೆ ಕೇಳಿಸುವ ಯಾವ ಪ್ರಯತ್ನವೂ ಅಲ್ಲಿಲ್ಲ. ನನ್ನ ಹುಡುಗಿಗೆ ಮುಖ್ಯವಾಗಿ ಕೇಳಿಸಬೇಕು ಅನ್ನಿಸಿದ್ದು ಇದೇ. ಮತ್ತೆ ಅವರ ಹಿಂದೆ ಮಗಳು ಕೃಷ್ಣಾ ಹಾನಗಲ್ ಕೂರುತ್ತಿದ್ದರು. ದಶಕಗಟ್ಟಲೆ ಜೊತೆಗೂಡಿ ಹಾಡಿದ ದನಿ. ತಾಯಿಯ ಕಡುದನಿಯ ಪಕ್ಕದಲ್ಲಿ ಆ ತಿಳಿದನಿ ಏರಿ ಬರುವುದು ಎಷ್ಟೋ ಧ್ವನಿಮುದ್ರಣಗಳಲ್ಲಿ ಕೇಳುತ್ತದೆ. ಮಗಳಿಗಾಗಿ ತನ್ನ ಹಾಡು ನಿಲ್ಲಿಸಿದ ಅಂಬಾಬಾಯಿ ಒಂದು ಕಡೆ, ತಾಯಿಯ ಹಾಡಿಗೆ ತನ್ನ ದನಿ ಕೊಟ್ಟ ಕೃಷ್ಣಾ ಇನ್ನೊಂದು ಕಡೆ. ನಡುವೆ ಗಂಗೂಬಾಯಿ. ಕೃಷ್ಣಾ 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ಆ ನೋವನ್ನು ಇಲ್ಲಿ ಬಿಚ್ಚಿ ಬರೆಯುವ ಶಕ್ತಿ ನನಗಿಲ್ಲ.

ಜನ ಈ ದನಿಯನ್ನು ಒಪ್ಪಿಕೊಂಡರೇ? ಒಪ್ಪಿಕೊಂಡರು, ತಲೆಯ ಮೇಲಿಟ್ಟುಕೊಂಡರು. ಪದ್ಮಭೂಷಣ 1971ರಲ್ಲಿ ಬಂತು, ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1973ರಲ್ಲಿ, ಪದ್ಮವಿಭೂಷಣ 2002ರಲ್ಲಿ. ಆದರೂ ಅವರು ಒಂದು ಮಾತು ಹೇಳುತ್ತಿದ್ದರು. ಗಂಡಸು ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ್ ಆಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯಂಥ ಗಾಯಕಿಯರು ಮಾತ್ರ ಬರೀ "ಬಾಯಿ" ಆಗಿಯೇ ಉಳಿಯುತ್ತಾರೆ ಎಂದು. ನಮ್ಮ ಕ್ಲಾಸಿನಲ್ಲಿ ಮಕ್ಕಳು ನನ್ನನ್ನು ಬಾಯಾರ ಎಂದು ಕರೆಯುವಾಗ ನನಗೆ ಆ ಮಾತು ನೆನಪಾಗುತ್ತದೆ. ನನಗೆ ಅದು ಮಾನದ ಕರೆ. ಒಂದು ಕಾಲಕ್ಕೆ ಅದೇ ಸೊಲ್ಲು ಎಷ್ಟು ಬೇರೆ ಬೇರೆ ಭಾರ ಹೊತ್ತಿತ್ತು, ಅಲ್ವಾ?

ಕಲಿಸುವವರ ಕಡೆಯಿಂದ

ಗಂಗೂಬಾಯಿ ಬರೀ ಕಛೇರಿಯ ಗಾಯಕಿಯಾಗಿರಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕರಾಗಿದ್ದರು. ಹುಬ್ಬಳ್ಳಿ ದೇಶಪಾಂಡೆ ನಗರದ ಅವರ ಮನೆ ಗಂಗಾಲಹರಿಯಲ್ಲಿ ಪಾಠ ನಡೆಯುತ್ತಿತ್ತು. ಪ್ರಾಥಮಿಕ ಶಾಲೆಯ ಆಚೆ ಓದದವರು ಅವರು. ಇವತ್ತು ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಇಲ್ಲಿ ಉಣಕಲ್ಲಿನ ಗುರುಕುಲಕ್ಕೂ ಅವರ ಹೆಸರೇ.

ನಮ್ಮಂಥ ಸಣ್ಣ ಕ್ಲಾಸುಗಳ ಕಷ್ಟ ಬೇರೆ. ಗುರುಮುಖದ ವಿದ್ಯೆಯಲ್ಲಿ ಮಕ್ಕಳು ಗುರುವಿನ ದನಿಯನ್ನೇ ನಕಲು ಮಾಡುತ್ತಾರೆ. ನಾನು ಕಾಳಿ ನಾಲ್ಕರವಳು. ಆರು ಹುಡುಗಿಯರನ್ನು ಒಟ್ಟಿಗೆ ಕೂರಿಸಿದರೆ ಪಟ್ಟಿ ಒಂದೇ ಇಡಬೇಕಾಗುತ್ತದೆ. ಆರು ಗಂಟಲಿಗೆ ಆರು ಪಟ್ಟಿ ಇಡಲು ಹೊತ್ತು ಎಲ್ಲಿದೆ ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಸ್ಪರ್ಧೆಗಳಲ್ಲಿ ಎತ್ತರಕ್ಕೆ ಹಾಡಿದವರ ಮೇಲೆ ತೀರ್ಪುಗಾರರ ಕಣ್ಣು ಬೇಗ ಬೀಳುತ್ತದೆ. ತಂದೆ ತಾಯಿಗಳಿಗೂ ಅದೇ ಬೇಕು. ಪರೀಕ್ಷೆಯ ರಾಗಗಳ ಯಾದಿ ಉದ್ದ, ಸಮಯ ಕಡಿಮೆ. ಕೃಷ್ಣಾಚಾರ್ಯರ ವೇಗ ನಮಗೆಲ್ಲ ಬೇಕು, ಕುಂದಗೋಳದ ನಿಧಾನ ಯಾರಿಗೂ ಬೇಡ. ಇದನ್ನು ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ. ಆ ಹುಡುಗಿಯ ಗಂಟಲಿನಲ್ಲಿ ಎರಡು ಗಂಟು ಬರುವ ತನಕ ನಾನೇ ಅದರೊಳಗೆ ಇದ್ದೆ.

ಕಿವಿ ಕೊಟ್ಟು ಕೇಳಿದ್ದರೆ ಅವಳ ಮಾತಿನ ದನಿಯೇ ನನಗೆ ಹೇಳುತ್ತಿತ್ತು. ವರ್ಷದ ಹಿಂದೆಯೇ ಅವಳ "ಬರತೀನ್ರಿ ಬಾಯಾರ" ಕೆಳಗಿಳಿದಿತ್ತು. ಹಾಡನ್ನು ಮಾತ್ರ ನಾನು ಹಳೆಯ ಎತ್ತರದಲ್ಲೇ ಕಟ್ಟಿಹಾಕಿದ್ದೆ.

ನಾಲ್ಕು ದಿನ ಕಳೆದ ಮೇಲೆ ತಾಯಿ ಮಗಳು ಇಬ್ಬರೂ ಬಂದರು. ಹಾರ್ಮೋನಿಯಂ ಮುಂದಿಟ್ಟುಕೊಂಡು ಅವಳಿಗೆ ಇಷ್ಟ ಬಂದ ಕಡೆ ಷಡ್ಜ ಹಚ್ಚು ಎಂದೆ. ತಡಕಾಡಿದಳು. ಕಾಳಿ ನಾಲ್ಕು, ಬಿಳಿ ಐದು. ಕೊನೆಗೆ ಕಾಳಿ ಮೂರರ ಮೇಲೆ ಬಂದು ನಿಂತಳು. ಹಳೆಯದಕ್ಕಿಂತ ನಾಲ್ಕು ಮನೆ ಕೆಳಗೆ. ದನಿಯಲ್ಲಿ ಬಿಗಿ ಇರಲಿಲ್ಲ. ತಾಯಿ ಏನೂ ಅನ್ನಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡರು.

ಆ ಸ್ಪರ್ಧೆಗೆ ಅವಳ ಹೆಸರು ತೆಗೆಸಿದೆ. ಮೂರು ತಿಂಗಳು ರಾಗದ ತಂಟೆಗೆ ಹೋಗಲಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಖರಜು, ಅದೂ ಮೆತ್ತಗೆ. ಆಮೇಲೆ ಷಡ್ಜದಿಂದ ಪಂಚಮದ ತನಕ ಮಾತ್ರ. ದಣಿವಾದರೆ ನಿಲ್ಲಿಸು ಎಂದು ಹೇಳುವುದನ್ನು ಕಲಿತೆ. ಅವಳಿಗೆ ಬೇರೆ ದಿನ, ಬೇರೆ ಹೊತ್ತು ಗೊತ್ತು ಮಾಡಿದೆ. ಮನೆಯಲ್ಲಿ ಅಣ್ಣ ಅಣಕಿಸುವುದು ನಿಂತಿರಲಿಲ್ಲ. ಅವನಿಗೂ ಆ ಎರಡು ಧ್ವನಿಮುದ್ರಣ ಕೇಳಿಸಿದಳಂತೆ. ಕೇಳಿ ಅವನು ಏನಂದ ಎಂದೆ. "ಏನೂ ಅನಲಿಲ್ಲರಿ, ಇನ್ನೊಮ್ಮೆ ಹಚ್ಚು ಅಂದ" ಎಂದಳು.

ಎಲ್ಲವೂ ಸರಿಹೋಗಿದೆ ಎಂದು ಹೇಳಲಾರೆ. ಈಗಲೂ ಮೇಲಿನ ಗಂಧಾರ ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ಡಾಕ್ಟರ ಹತ್ತಿರ ಮತ್ತೊಮ್ಮೆ ತೋರಿಸಿದ್ದೇವೆ, ಗಂಟು ಕರಗಿವೆ. ಗೆಳತಿಯರ ಜೊತೆ ಸಮೂಹಗಾನಕ್ಕೆ ನಿಂತಾಗ ಅವಳ ಪಟ್ಟಿ ಹೊಂದುವುದಿಲ್ಲ, ಆ ದಿನ ಮುಖ ಸಣ್ಣದಾಗುತ್ತದೆ. ಹತ್ತನೇ ಇಯತ್ತೆಯ ಪರೀಕ್ಷೆಯ ನಡುವೆ ಎರಡು ತಿಂಗಳು ಕ್ಲಾಸಿಗೂ ಬರಲಿಲ್ಲ.

ಗಂಗೂಬಾಯಿ ತಮ್ಮ ತೊಂಬತ್ತನೇ ವಯಸ್ಸಿನ ಸುಮಾರಿಗೆ, 2003ರಲ್ಲಿ, ಮೂಳೆಮಜ್ಜೆಯ ಕ್ಯಾನ್ಸರನ್ನು ದಾಟಿ ಬಂದರು. ಆಮೇಲೂ ಹಾಡಿದರು. ಹಾಡಿಕೆಯ ಎಪ್ಪತ್ತೈದನೇ ವರ್ಷಕ್ಕೆ, 2006ರಲ್ಲಿ, ಕೊನೆಯ ಕಛೇರಿ ಕೊಟ್ಟರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲೇ ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಿದ್ದರು. ಇದನ್ನು ಹುಡುಗಿಗೆ ಹೇಳಿದಾಗ ಅವಳು ಬೆರಳಿನಲ್ಲಿ ಲೆಕ್ಕ ಹಾಕಿದಳು. ದನಿ ಬದಲಾದ ಮೇಲೆಯೇ ಅರುವತ್ತು ವರ್ಷ ಹಾಡಿದರೇನ್ರಿ ಎಂದು ಕೇಳಿದಳು. ಹೆಚ್ಚುಕಡಿಮೆ ಅಷ್ಟೇ ಎಂದೆ.

ಕಾಳಿ ಮೂರಕ್ಕೆ ಹೊಂದುವ ತಂಬೂರಿ ನಮ್ಮ ಮನೆಯಲ್ಲಿರಲಿಲ್ಲ. ಮೊಬೈಲಿನ ತಂಬೂರಿಯಲ್ಲೇ ಇಷ್ಟು ದಿನ ಸಾಗಿಸಿದೆವು. ಕಳೆದ ತಿಂಗಳು ಅವಳ ತಾಯಿ, ಚೀಟಿ ಎತ್ತಿದ ದುಡ್ಡಿನಲ್ಲಿ, ಮಿರಜಿನಿಂದ ಒಂದು ತರಿಸಿದರು. ಬುರುಡೆ ದೊಡ್ಡದು, ಆಟೋದಲ್ಲಿ ಹಿಡಿಯಲಿಲ್ಲ. ಅಣ್ಣ ಹೆಗಲ ಮೇಲೆ ಹೊತ್ತು ತಂದ. ತಂತಿ ಏರಿಸಿ ಖರಜು ಮೀಟಿದೆ. ಹುಡುಗಿ ಬಂದು ಕೂತು, ಬುರುಡೆಗೆ ಕಿವಿ ಹಚ್ಚಿ, ಬಹಳ ಹೊತ್ತು ಹಾಡದೆ ಕೇಳುತ್ತಿದ್ದಳು. ಆಮೇಲೆ ಷಡ್ಜ ಹಚ್ಚಿದಳು.